ದೋಣಿಯಲ್ಲಿ ಮಾತಾಡಬಾರದು

ನಾನು ಅಚ್ಚುಕಟ್ಟಾಗಿ ಏರ್ಪಾಡು ಮಾಡಿದ ಕೆಲಸಗಳಲ್ಲೇ ಯಾಕೆ ಹೀಗೆಲ್ಲ ಆಗುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಏನೂ ತಯಾರಿಯಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವವರು ಎಲ್ಲ ನೋಡಿಕೊಂಡು, ತಿಂದುಕೊಂಡು, ನೆಟ್ಟಗೆ ಮನೆಗೆ ಬರುತ್ತಾರೆ. ಯಾರು ಎಲ್ಲಿ ಕೂರಬೇಕು, ಏನು ಉಡಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿ ಹೊರಡುವ ನನ್ನ ಪಾಲಿಗೆ ಮಾತ್ರ, ಜನ ವರ್ಷಗಟ್ಟಲೆ ಹೇಳಿಕೊಂಡು ನಗುವಂಥದ್ದೇ ಬರುತ್ತದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಸಿಸ್ಟರ್ ಒಂದು ಬೆರಳೆತ್ತಿದರೆ ಸಾಕು, ತಲೆಯ ಮೇಲಿನ ಫ್ಯಾನ್ ಕೂಡ ಸದ್ದು ಕಡಿಮೆ ಮಾಡಿದ ಹಾಗೆ ಅನಿಸುತ್ತಿತ್ತು. ಆ ಶಿಸ್ತನ್ನು ಮದುವೆಯಾಗಿ ಬಂದ ದಿನದಿಂದ ಚಂದ್ರಾ ಲೇಔಟಿನಲ್ಲಿ ಜಾರಿಗೆ ತರಲು ನೋಡುತ್ತಿದ್ದೇನೆ.

ಈ ಸಲದ ಏರ್ಪಾಡು ಒಂದು ದೋಣಿಯಾನ. ಅದಕ್ಕೆ ಕಾರಣ ನನ್ನ ಓರಗಿತ್ತಿ, ಎಂದರೆ ನಮ್ಮವರ ಅಣ್ಣನ ಹೆಂಡತಿ. ನಮ್ಮ ಕೆಳಗಿನ ಮನೆಯಲ್ಲೇ ಇದ್ದಾರೆ. ನಾನು ಅಕ್ಕ ಎನ್ನುತ್ತೇನೆ. ಅವರ ಎರಡೂ ಮಂಡಿ ಸವೆದುಹೋಗಿದ್ದವು. ಆಪರೇಶನ್ ಮಾಡಿಸಲೇಬೇಕು, ಇನ್ನು ತಡಮಾಡಿದರೆ ಹಾಸಿಗೆ ಹಿಡಿಯುತ್ತೀರಿ ಎಂದು ಡಾಕ್ಟರು ಹೇಳಿಯಾಗಿತ್ತು. ಅಕ್ಕನಿಗೆ ಆಪರೇಶನ್ ಎಂದರೆ ಪ್ರಾಣಭಯ. ಒಮ್ಮೆ ಆಷಾಢ ಎಂದರು, ಒಮ್ಮೆ ಗ್ರಹಣ ಎಂದರು, ಒಮ್ಮೆ ಉಪ್ಪಿನಕಾಯಿ ಹಾಕಬೇಕು ಎಂದರು. ಕೊನೆಗೆ ಒಂದು ದಿನ ಟಿವಿಯಲ್ಲಿ ನೀರುನಾಯಿಗಳು ನದಿಯಲ್ಲಿ ಆಡುವುದನ್ನು ನೋಡುತ್ತಾ, "ಇಂಥದ್ದೊಂದನ್ನ ಕಣ್ಣಾರೆ ನೋಡ್ಬಿಟ್ರೆ ಅವತ್ತೇ ಆಪರೇಶನ್‌ಗೆ ಒಪ್ಕೋತೀನಿ ಕಣೇ" ಎಂದುಬಿಟ್ಟರು. ನಾಯಂಡಹಳ್ಳಿಯ ಮೋರಿಯಲ್ಲಿ ನೀರುನಾಯಿ ಬರುವುದಿಲ್ಲ ಎಂಬ ಧೈರ್ಯ ಅವರಿಗೆ.

ನಾನು ಮಾತನ್ನು ಹಿಡಿದುಕೊಂಡೆ. ಹೊನ್ನಾವರದ ಕಡೆ, ಹೊಳೆ ಸಮುದ್ರ ಸೇರುವಲ್ಲಿ, ನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡಿನ ಸಂದಿಗಳಲ್ಲಿ ನೀರುನಾಯಿ ಇವೆಯೆಂದು ವಿಚಾರಿಸಿ, ಇಡೀ ದಿನಕ್ಕೆ ಒಂದು ಪುಟ್ಟ ದೋಣಿ ಗೊತ್ತುಮಾಡಿದೆ. ಹೋಗುವವರು ಐದು ಜನ. ನಾನು, ನಮ್ಮ ಯಜಮಾನರು, ಅಕ್ಕ, ಮತ್ತು ನಮ್ಮ ಜೊತೆ ಬೆಳಿಗ್ಗೆ ವಾಕಿಂಗ್ ಬರುವ ಮಾರೇನಹಳ್ಳಿಯ ಬಟ್ಟೆ ಅಂಗಡಿಯ ದಂಪತಿ. ಇವರು ಗದಗಿನ ಕಡೆಯವರು, ತುಂಬ ಸಜ್ಜನರು, ಮಾತು ಸ್ವಲ್ಪ ಜಾಸ್ತಿ.

ಮಾತೇ ನನಗಿದ್ದ ಚಿಂತೆ. ಸದ್ದಾದರೆ ನೀರುನಾಯಿ ಮುಳುಗಿಬಿಡುತ್ತದೆ. ನೀರುನಾಯಿ ಮುಳುಗಿದರೆ ಅಕ್ಕನ ಮಂಡಿಯೂ ಮುಳುಗಿದ ಹಾಗೆ.

ಪಾರ್ಕಿನಲ್ಲಿ ಮೌನ

ಹೊರಡುವ ಮುಂಚೆ ಮೌನದ ಅಭ್ಯಾಸ ಮಾಡಿಸಿದೆ. ನಮ್ಮ ಪಾರ್ಕಿನ ಸಿಮೆಂಟ್ ಬೆಂಚುಗಳು ಒಂದರ ಹಿಂದೆ ಒಂದು ಇವೆ, ದೋಣಿಯ ಹಲಗೆಗಳ ಹಾಗೇ. ಮುಂದಿನ ಬೆಂಚಿನಲ್ಲಿ ನಾನು, ನನ್ನ ಹಿಂದೆ ಅಕ್ಕ ಮತ್ತು ಗದಗಿನಮ್ಮ, ಕೊನೆಯಲ್ಲಿ ಗಂಡಸರಿಬ್ಬರು. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ, ದೃಷ್ಟಿ ಮುಂದಕ್ಕೆ. ಚಳಿಗಾಲವಾದ್ದರಿಂದ ನಮ್ಮ ಯಜಮಾನರು ಮಂಕಿ ಕ್ಯಾಪ್ ಹಾಕಿ, ಮೂಗಿನವರೆಗೂ ಮಫ್ಲರ್ ಸುತ್ತಿಕೊಂಡಿದ್ದರು.

ಸ್ವಲ್ಪ ಹೊತ್ತಿಗೆ ವಾಕಿಂಗ್ ಮಾಡುತ್ತಿದ್ದ ಒಬ್ಬ ಹಿರಿಯರು ನಮ್ಮನ್ನು ನೋಡಿ ನಿಂತರು. ಟೋಪಿ ತೆಗೆದರು. ಅವರ ಹಿಂದೆ ಬಂದ ಇನ್ನಿಬ್ಬರೂ ನಿಂತು ತಲೆ ತಗ್ಗಿಸಿದರು. ಹಿರಿಯರು ಮೆಲ್ಲಗೆ ಅಕ್ಕನನ್ನು, "ಊರಿಗೆ ತಗೊಂಡ್ ಹೋದ್ರಾ, ಇಲ್ಲೇ ಮಾಡಿದ್ರಾ?" ಎಂದು ಕೇಳಿದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲುಗಾಡತೊಡಗಿದರು. ಅದನ್ನು ಅಳು ಎಂದುಕೊಂಡ ಹಿರಿಯರು ನನ್ನ ಕಡೆ ತಿರುಗಿದರು.

"ನೀವೇ ಧೈರ್ಯ ತಂದ್ಕೋಬೇಕಮ್ಮ. ಸಾರ್ ತುಂಬಾ ಒಳ್ಳೆಯವರು. ಎದುರಿಗೆ ಸಿಕ್ಕಿದ್ರೆ ನಗದೆ ಹೋದವರಲ್ಲ. ಅಂಥವರು ಇನ್ನು ಬರಲ್ಲ."

ಹಿಂದಿನ ಬೆಂಚಿನಿಂದ ಮಫ್ಲರಿನ ಒಳಗಿಂದ ಸಣ್ಣ ದನಿಯೊಂದು ಬಂತು: "ಥ್ಯಾಂಕ್ಸ್ ಸಾರ್."

ಆ ಹಿರಿಯರು ಈಗ ಬೇರೆ ಪಾರ್ಕಿಗೆ ಹೋಗುತ್ತಾರಂತೆ.

ಮಣ್ಣಿನ ಬಣ್ಣ

ಕಾಡಿಗೆ ಹೋಗುವವರು ಕಾಡಿನ ಬಣ್ಣದಲ್ಲಿರಬೇಕು. ಮಣ್ಣಿನ ಬಣ್ಣ, ಒಣ ಎಲೆಯ ಬಣ್ಣ, ಬೂದಿ ಬಣ್ಣ ಬಿಟ್ಟು ಬೇರೆ ಕೂಡದು ಎಂದು ಎಲ್ಲರಿಗೂ ಮೊದಲೇ ಹೇಳಿದ್ದೆ. ನಾನು ಕಾಫಿಪುಡಿ ಬಣ್ಣದ ಹತ್ತಿ ಸೀರೆ ಉಟ್ಟು, ಅದಕ್ಕೊಪ್ಪುವ ಕರವಸ್ತ್ರ ಇಟ್ಟುಕೊಂಡು ಬೆಳಿಗ್ಗೆ ದೋಣಿಕಟ್ಟೆಗೆ ಬಂದೆ. ಗದಗಿನಮ್ಮ ಗಿಣಿಹಸಿರು ಇಳಕಲ್ ಸೀರೆಯಲ್ಲಿ ಬಂದರು. ಕೆಂಪು ಸೆರಗು ಬೇರೆ.

"ಇದೇನ್ರೀ ಇದು?" ಎಂದೆ.

"ಗಿಣಿ ಕಾಡಿನ ಹಕ್ಕಿ ಅಲ್ಲೇನ್ರಿ?" ಎಂದರು ಅವರು, ನಿರಾತಂಕವಾಗಿ. "ಕೆಂಪು ಸೆರಗು ಅದರ ಕೊಕ್ಕು ಅಂತ ತಿಳ್ಕೊಳ್ರಿ."

ನಾನು ಅವರಿಗೆ ಶಿಸ್ತಿನ ಬಗ್ಗೆ ನಾಲ್ಕು ಮಾತು ಹೇಳುತ್ತಿರುವಾಗಲೇ ದೋಣಿಯವನು ಒಂದು ಕಟ್ಟು ತಂದು ಹಲಗೆಯ ಮೇಲೆ ಹಾಕಿದ. ಲೈಫ್ ಜಾಕೆಟ್ಟುಗಳು. ಹಾಕಿಕೊಳ್ಳದೆ ದೋಣಿ ಹತ್ತುವಂತಿಲ್ಲ. ಐದೂ ಜಾಕೆಟ್ಟು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. ನಾನು "ಬೂದಿ ಬಣ್ಣದ್ದು ಇಲ್ವೇನಪ್ಪ?" ಎಂದು ಕೇಳಿದ್ದಕ್ಕೆ, ಅವನು "ಮುಳುಗಿದ್ರೆ ಹುಡುಕೂಕೆ ಕಷ್ಟ ಅಮ್ಮ" ಎಂದ.

ಐದು ಜನವೂ ಮದುವೆ ಮನೆಯ ಜಿಲೇಬಿ ತಟ್ಟೆಯ ಹಾಗೆ ದೋಣಿಯಲ್ಲಿ ಕೂತೆವು. ನಮ್ಮ ಯಜಮಾನರು ಆಕಾಶ ನೋಡಿ, "ಚಿಂತೆ ಬಿಡು, ಪ್ರಾಣಿಗಳಿಗೇನು, ವಿಮಾನದವರಿಗೂ ಕಾಣ್ತೀವಿ" ಎಂದರು.

ಕೋಡುಬಳೆ

ಇಂಜಿನ್ ಸದ್ದು ಬೇಡವೆಂದು ಕಾಂಡ್ಲಾ ಕಾಡಿನ ಒಳಗೆ ನುಗ್ಗುವ ಮೊದಲೇ ಮೋಟಾರು ನಿಲ್ಲಿಸಲು ಹೇಳಿದೆ. ದೋಣಿಯವನು ಉದ್ದದ ಬಿದಿರ ಗಳುವಿನಲ್ಲಿ ಮೆಲ್ಲಗೆ ತಳ್ಳತೊಡಗಿದ. ಎರಡೂ ಕಡೆ ಗಿಡಗಳು ತಮ್ಮ ಬೇರುಗಳ ಮೇಲೆ ಎದ್ದು ನಿಂತಿದ್ದವು, ಸೀರೆಯ ನೆರಿಗೆ ಮೇಲಕ್ಕೆತ್ತಿಕೊಂಡು ನೀರು ದಾಟುವವರ ಹಾಗೆ. ಕೆಸರಿನಲ್ಲಿ ಸಣ್ಣ ಸಣ್ಣ ಏಡಿಗಳು ಒಂದೊಂದು ಕೊಂಬು ಎತ್ತಿ ನಮ್ಮನ್ನೇ ಕರೆಯುತ್ತಿದ್ದವು. ನೀಲಿ ಮಿಂಚುಳ್ಳಿಯೊಂದು ಕೊಂಬೆಯ ಮೇಲೆ ಕೂತು ನೀರನ್ನೇ ನೋಡುತ್ತಿತ್ತು. ಇಂಥ ಮೌನವನ್ನು ನಾನು ಶಾಲೆ ಬಿಟ್ಟಮೇಲೆ ಕೇಳಿಯೇ ಇರಲಿಲ್ಲ.

"ಕಟುಂ!"

ಮಿಂಚುಳ್ಳಿ ಹಾರಿಹೋಯಿತು. ಏಡಿಗಳೆಲ್ಲ ಬಿಲದೊಳಗೆ.

ತಿನ್ನುವುದಕ್ಕೆ ಮೆತ್ತಗಿನ ಪದಾರ್ಥ ಮಾತ್ರ ತರಬೇಕೆಂದು ಹೇಳಿದ್ದೆ. ಇಡ್ಲಿ, ಮೊಸರನ್ನ, ಬಾಳೆಹಣ್ಣು. ಅಕ್ಕ ಜಾಕೆಟ್ಟಿನ ಒಳಗೆ ಒಂದು ಡಬ್ಬಿ ಕೋಡುಬಳೆ ಸೇರಿಸಿಕೊಂಡು ಬಂದಿದ್ದರು.

ನಾನು ಮಾತಾಡದೆ ಕೈ ಚಾಚಿದೆ, ಸಿಸ್ಟರ್ ಚಾಚುತ್ತಿದ್ದ ಹಾಗೆ. ಅಕ್ಕ ಡಬ್ಬಿಯನ್ನು ಎದೆಗವಚಿಕೊಂಡು, "ಕಡಿಯಲ್ಲ ಕಣೇ. ಬಾಯಲ್ಲಿಟ್ಕೊಂಡು ನೆನೆಸ್ಕೊಂಡು ತಿಂತೀನಿ" ಎಂದು ಪಿಸುಗುಟ್ಟಿದರು. ಹಾಗೆಂದು ಎಲ್ಲರಿಗೂ ಒಂದೊಂದು ಹಂಚಿಯೂಬಿಟ್ಟರು. ದೋಣಿಯವನಿಗೂ.

ಆಮೇಲೆ ನಡೆದದ್ದನ್ನು ನಾನು ಒಪ್ಪಿಕೊಳ್ಳಬೇಕು. ಗದಗಿನ ದಂಪತಿಯ ಕೆನ್ನೆ ಉಬ್ಬಿತು, ಮಾತು ನಿಂತಿತು. ನಮ್ಮ ಯಜಮಾನರ ಕೆನ್ನೆ ಉಬ್ಬಿತು, ಮಾತು ನಿಂತಿತು. "ಇನ್ನೂ ಎಷ್ಟು ದೂರಪ್ಪ?" ಎಂದು ನಾನು ಕೇಳಿದರೆ ದೋಣಿಯವನೂ ಕೈಯಲ್ಲೇ ಸನ್ನೆ ಮಾಡಿದ. ಪಾರ್ಕಿನ ಅಭ್ಯಾಸದಿಂದ ಬಾರದ ಮೌನ ಕೋಡುಬಳೆಯಿಂದ ಬಂದಿತ್ತು. ಮಿಂಚುಳ್ಳಿ ವಾಪಸು ಬಂದು ಅದೇ ಕೊಂಬೆಯ ಮೇಲೆ ಕೂತಿತು.

ನಾನೂ ಒಂದನ್ನು ಬಾಯಿಗೆ ಹಾಕಿಕೊಂಡೆ. ಶಿಸ್ತಿನ ದೃಷ್ಟಿಯಿಂದ.

ರೆಕ್ಕೆ ಒಣಗಿಸುವ ಹಕ್ಕಿ

ಕಾಡಿನ ಸಂದಿಯಿಂದ ಹೊರಬಂದಾಗ ಹೊಳೆ ಅಗಲವಾಯಿತು. ದೂರದಲ್ಲಿ ಮೀನಿನ ಬಲೆ ಕಟ್ಟುವ ಗೂಟಗಳು ನಿಂತಿದ್ದವು. ಒಂದು ಗೂಟದ ಮೇಲೆ ದೊಡ್ಡದೊಂದು ಕಪ್ಪು ಹಕ್ಕಿ, ರೆಕ್ಕೆ ಅಗಲಿಸಿ ಕೂತಿತ್ತು.

ನಾನು ತಟ್ಟನೆ ಗುರುತಿಸಿದೆ. "ನೀರುಕಾಗೆ," ಎಂದು ಪಿಸುಮಾತಿನಲ್ಲಿ ಹೇಳಿದೆ. "ಮೀನಿಗಾಗಿ ಮುಳುಗಿ ಎದ್ದಮೇಲೆ ಹೀಗೇ ರೆಕ್ಕೆ ಅಗಲಿಸಿ ಬಿಸಿಲಿಗೆ ಒಣಗಿಸಿಕೊಳ್ಳುತ್ತೆ. ನಮಗೆ ಕಾನ್ವೆಂಟಿನಲ್ಲಿ ಚಿತ್ರ ಬರೆಸಿದ್ದರು. ನೋಡಿ, ಒಂದು ಚೂರೂ ಅಲುಗಾಡ್ತಿಲ್ಲ. ಶಿಸ್ತು ಅಂದ್ರೆ ಅದು."

ಎಲ್ಲರೂ ಗೌರವದಿಂದ ನೋಡಿದರು. ಅಕ್ಕ ಕೈಮುಗಿದರು. ಗಾಳಿ ಬೀಸಿದಾಗ ರೆಕ್ಕೆಯ ಅಂಚು ಸ್ವಲ್ಪ ಪಟಪಟ ಎಂದಿತು. "ಒಣಗ್ತಾ ಬಂತು," ಎಂದೆ. ನಮ್ಮ ಯಜಮಾನರು ಮೊಬೈಲಿನಲ್ಲಿ ಹಲವಾರು ಫೋಟೋ ತೆಗೆದು ಬಸವೇಶ್ವರನಗರದ ತಮ್ಮ ತಂಗಿಗೆ ಆಗಲೇ ಕಳಿಸಿಯೂಬಿಟ್ಟರು. ದೋಣಿ ಹತ್ತಿರ ಹೋಯಿತು. ಹಕ್ಕಿ ಹಾರಲಿಲ್ಲ. ಇನ್ನೂ ಹತ್ತಿರ ಹೋಯಿತು. ಆಗಲೂ ಹಾರಲಿಲ್ಲ. ಅದರ ಧೈರ್ಯದ ಬಗ್ಗೆ ನಾನು ಇನ್ನೆರಡು ಮಾತು ಹೇಳುವವಳಿದ್ದೆ.

ಅಷ್ಟರಲ್ಲಿ ಗದಗಿನ ಯಜಮಾನರು ಕಣ್ಣಿನ ಮೇಲೆ ಅಂಗೈ ಮರೆಮಾಡಿ ನೋಡಿ, ಬಹಳ ವಿನಯದಿಂದ ಕೇಳಿದರು:

"ಅಮ್ಮಾರ, ನಿಮ್ಮ ಹಕ್ಕಿಗೆ ಹಿಡಿಕಿ ಇರ್ತೈತೇನ್ರಿ?"

ಯಾರೋ ಮುರುಕಲು ಕೊಡೆಯೊಂದನ್ನು ಗೂಟಕ್ಕೆ ಕಟ್ಟಿದ್ದರು. ಅದು ಹಕ್ಕಿಗಳನ್ನು ಓಡಿಸುವುದಕ್ಕಂತೆ.

ವಾಪಸು ಬಂದ ಬಾಗಿನ

ಈಗ ಬೆಳಿಗ್ಗೆ ನಡೆದ ಒಂದು ಸಂಗತಿ ಹೇಳಬೇಕು. ಅದು ನನಗೆ ಗೊತ್ತಾದದ್ದು ಮಧ್ಯಾಹ್ನವೇ.

ನೀರಿಗೆ ಏನನ್ನೂ ಹಾಕಕೂಡದು ಎಂಬುದು ನನ್ನ ಕಟ್ಟಪ್ಪಣೆ. ಆದರೆ ನಮ್ಮ ಕಡೆಯ ಹೆಂಗಸರು ತುಂಬಿದ ಹೊಳೆ ಕಂಡರೆ ಗಂಗೆಗೆ ಬಾಗಿನ ಕೊಡದೆ ಬರುವುದುಂಟೇ? ಅಕ್ಕ ವಿಜಯನಗರದ ಮಾರ್ಕೆಟ್ಟಿನಿಂದಲೇ ಎರಡು ಪುಟ್ಟ ಮೊರ ತಂದಿದ್ದರು. ಒಳಗೆ ಹಿಡಿ ಅಕ್ಕಿ, ಅರಿಶಿನ ಕುಂಕುಮ, ಬಳೆ, ಒಂದು ರವಿಕೆ ಕಣ. ಮೊರಕ್ಕೆ ಮೊರ ಮುಚ್ಚಿ ದಾರ ಕಟ್ಟಿ, ನಾನು ಲೈಫ್ ಜಾಕೆಟ್ಟಿನ ಬಣ್ಣದ ಬಗ್ಗೆ ವಾದಿಸುತ್ತಿದ್ದಾಗ ಗದಗಿನಮ್ಮನ ಸೆರಗಿನ ಮರೆಯಲ್ಲಿ ನೀರಿಗೆ ಬಿಟ್ಟಿದ್ದರು. "ತಾಯೀ, ಒಂದು ನೀರುನಾಯಿ ತೋರಿಸು, ಮಂಡಿ ಡಾಕ್ಟ್ರ ಕೈಗೆ ಒಪ್ಪಿಸ್ತೀನಿ" ಎಂದು ಬೇಡಿಕೊಂಡಿದ್ದರಂತೆ. ಹುಡುಗಾಟಕ್ಕೆ ಹೇಳಿದ ಮಾತು ಹೊಳೆ ಕಂಡೊಡನೆ ಹರಕೆಯಾಗಿತ್ತು. ಮೊರ ತೇಲುತ್ತಾ ಸಮುದ್ರದ ಕಡೆ ಹೋಯಿತು. ಗಂಗಮ್ಮ ಒಪ್ಪಿಕೊಂಡಳು ಎಂದು ಇಬ್ಬರೂ ಖುಷಿಯಾಗಿದ್ದರು.

ಬೆಂಗಳೂರಿನವರಿಗೆ ಹೊಳೆ ಎಂದರೆ ಒಂದೇ ಕಡೆ ಹರಿಯುವುದು. ಸಮುದ್ರದ ಪಕ್ಕದ ಹೊಳೆ ಹಾಗಲ್ಲ. ಮಧ್ಯಾಹ್ನ ಉಬ್ಬರ ಏರಿತು, ನೀರು ಹಿಂದಕ್ಕೆ ಹರಿಯತೊಡಗಿತು. ನಾವು ಮೊಸರನ್ನ ತಿನ್ನುತ್ತಿದ್ದಾಗ ದೋಣಿಯ ಪಕ್ಕಕ್ಕೆ ಏನೋ ಟಕ್ ಟಕ್ ಎಂದು ಬಡಿಯಿತು. ಬಗ್ಗಿ ನೋಡಿದರೆ ಮೊರ.

ಅಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮುಖ ಬಿಳುಚಿತು.

"ಗಂಗಮ್ಮ ವಾಪಸ್ ಕಳಿಸಿದಾಳೆ ಕಣೇ. ನೀರುನಾಯಿ ಕಾಣಲ್ಲ. ಆಪರೇಶನ್ ಬೇಡ ಅಂತಾನೇ ಹೇಳ್ತಾ ಇದಾಳೆ. ಮಾಡಿಸ್ಕೊಂಡ್ರೆ ನಾನು ಉಳಿಯಲ್ಲ."

ಇಷ್ಟು ದಿನ ಅವರ ಭಯವನ್ನು ನಾನು ಸಬೂಬು ಎಂದುಕೊಂಡಿದ್ದೆ. ಕಣ್ಣಲ್ಲಿ ನೀರು ನೋಡಿದ ಮೇಲೆ ನಾನೂ ತಟ್ಟೆ ಕೆಳಗಿಟ್ಟೆ. ನಮ್ಮ ಯಜಮಾನರು ಚಂದ್ರ, ಆಕರ್ಷಣೆ ಎಂದೆಲ್ಲ ವಿವರಿಸಿದರು. ಅಕ್ಕ, "ಚಂದ್ರನಿಗೂ ನನ್ನ ಮಂಡಿಗೂ ಏನು ಸಂಬಂಧ?" ಎಂದು ಮೂಗು ಒರೆಸಿಕೊಂಡರು. ನಾನು ಹೊಳೆಯಲ್ಲಿ ಕಸವಾಗಬಾರದೆಂದು ಮೊರವನ್ನು ಎತ್ತಿ ದೋಣಿಯೊಳಗೆ ಇಟ್ಟೆ.

ಆಗ ಬಟ್ಟೆ ಅಂಗಡಿಯವರು ಗಂಟಲು ಸರಿಮಾಡಿಕೊಂಡರು.

"ಅಕ್ಕಾರ, ನಮ್ಮ ಅಂಗಡ್ಯಾಗ ದಿನಾ ಇದ ನಡೀತೈತ್ರಿ. ಮುಂಜಾನಿ ಒಯ್ದದ್ದನ್ನ ಮಧ್ಯಾಹ್ನ ವಾಪಸ್ ತರ್ತಾರ. ಬ್ಯಾಡ ಅಂತ ಅಲ್ರಿ. ಒಳಗಿನ ರವಿಕಿ ಕಣ ಯಾವ ಬಣ್ಣದ್ದಿತ್ರಿ?"

"ಬೂದಿ ಬಣ್ಣ," ಎಂದರು ಅಕ್ಕ, ನನ್ನ ಕಡೆ ಕೈ ತೋರಿಸುತ್ತಾ. "ಇವಳು ಬೇರೆ ಬಣ್ಣ ತರಬೇಡಿ ಅಂದಿದ್ಲು."

"ಮತ್ತ! ಮುತ್ತೈದಿಗೆ ಬೂದಿ ಬಣ್ಣ ಕೊಟ್ರ ಯಾವಾಕಿ ಇಟ್ಕೋತಾಳ್ರಿ? ಆಕಿ ಬದಲಿ ಕೇಳಾಕ ಬಂದಾಳ, ಅಷ್ಟ!"

ನೀರುನಾಯಿ

ಸಂಜೆ ಹತ್ತಿರವಾಯಿತು. ಕೊಕ್ಕರೆಗಳನ್ನು ನೋಡಿದ್ದೆವು, ಗರುಡ ನೋಡಿದ್ದೆವು, ಕೊಡೆಯನ್ನೂ ನೋಡಿದ್ದೆವು. ನೀರುನಾಯಿ ಮಾತ್ರ ಇಲ್ಲ. ಅಕ್ಕ ಮಂಡಿ ನೀವಿಕೊಳ್ಳುತ್ತಾ ಸುಮ್ಮನೆ ಕೂತಿದ್ದರು. ಅವರು ಸುಮ್ಮನಿದ್ದರೆ ನನಗೆ ಸಂಕಟ. ಇಡೀ ದಿನ ಎಲ್ಲರಿಗೂ "ಶ್" ಎಂದಿದ್ದ ನಾನೇ, "ಏನಾದ್ರೂ ಮಾತಾಡಿ ಅಕ್ಕ" ಎಂದು ಹೇಳುವ ಸ್ಥಿತಿಗೆ ಬಂದಿದ್ದೆ.

ಆಗಲೇ ದೋಣಿಯವನು ಗಳುವನ್ನು ಕೆಸರಿಗೆ ಊರಿ ದೋಣಿ ನಿಲ್ಲಿಸಿದ. ಗದ್ದ ಮಾತ್ರ ಎತ್ತಿ ಎಡಗಡೆಗೆ ತೋರಿಸಿದ.

ಕಾಂಡ್ಲಾ ಬೇರುಗಳ ನಡುವೆ, ಕೆಸರು ದಂಡೆಯ ಮೇಲೆ, ಮೂರು ನೀರುನಾಯಿಗಳು. ಒದ್ದೆ ಮೈ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು. ಒಂದು ಅಂಗಾತ ಬಿದ್ದು ಬೆನ್ನು ಉಜ್ಜಿಕೊಳ್ಳುತ್ತಿತ್ತು, ಇನ್ನೊಂದು ಅದರ ಹೊಟ್ಟೆಯ ಮೇಲೆ ಹತ್ತುತ್ತಿತ್ತು. ಮೂರನೆಯದು ಮೀಸೆ ಅಲ್ಲಾಡಿಸುತ್ತಾ ಕಾವಲು ಕೂತಿತ್ತು.

"ಎಲ್ಲೇ? ಎಲ್ಲೇ?" ಎಂದು ಅಕ್ಕ ಕೇಳಿದರು. ಹುಟ್ಟಿದಾಗಿನಿಂದ ಅಷ್ಟು ಮೆಲ್ಲಗೆ ಅವರು ಮಾತಾಡಿರಲಿಕ್ಕಿಲ್ಲ. ಅವರ ಕನ್ನಡಕ ಕೊರಳಿನ ದಾರದಲ್ಲಿತ್ತು. ದಾರ ಲೈಫ್ ಜಾಕೆಟ್ಟಿನ ಪಟ್ಟಿಗೆ ಸಿಕ್ಕಿಕೊಂಡಿತ್ತು. ಕನ್ನಡಕವಿಲ್ಲದೆ ಅವರಿಗೆ ದಂಡೆಯೂ ಒಂದೇ, ನೀರೂ ಒಂದೇ. ನಾನು ಬಗ್ಗಿ, ಎರಡು ಕೈಯಿಂದಲೂ ಗಂಟು ಬಿಡಿಸತೊಡಗಿದೆ. ಅಕ್ಕನ ಮಂಡಿ, ಅಕ್ಕನ ಮುಂದಿನ ಇಡೀ ಆಯುಸ್ಸು ಆ ದಾರದ ಗಂಟಿನಲ್ಲಿತ್ತು. ಗಂಟು ಸಡಿಲವಾಯಿತು. ಕನ್ನಡಕ ಮೂಗಿನ ಕಡೆಗೆ ಹೋಗುತ್ತಿತ್ತು.

ಆ ಹೊಳೆಯಲ್ಲಿ ಸಂಜೆಹೊತ್ತು ಮೀನುಗಳು ನೀರಿನಿಂದ ಮೇಲಕ್ಕೆ ನೆಗೆಯುತ್ತವಂತೆ. ನನಗೆ ಯಾರೂ ಹೇಳಿರಲಿಲ್ಲ.

ಮೊಳದುದ್ದದ ಒಂದು ಮೀನು ನೀರಿನಿಂದ ಹಾರಿ, ನನ್ನ ಕುತ್ತಿಗೆಗೆ ಬಡಿದು, ಲೈಫ್ ಜಾಕೆಟ್ಟಿನ ಒಳಗೆ ಇಳಿಯಿತು. ಜೀವಂತ ಮೀನು. ನಾನು ಮೊಟ್ಟೆಯ ಕೇಕನ್ನೂ ಮುಟ್ಟದವಳು.

"ಅಯ್ಯಯ್ಯಪ್ಪೋ! ಒಳಗ್ ಹೋಯ್ತು! ತೆಗೀರೋ! ಯಾರಾದ್ರೂ ತೆಗೀರೋ ಮುಂಡೇವಾ!"

ಎದ್ದು ನಿಂತು ಕುಣಿದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ದೋಣಿ ಆ ಕಡೆ ಈ ಕಡೆ ಹೊಯ್ದಾಡಿದ್ದಂತೂ ನಿಜ. ಕಾಡಿನಲ್ಲಿದ್ದ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಆಚೆ ದಂಡೆಯಲ್ಲಿ ಒಂದು ನಾಯಿ ಬೊಗಳತೊಡಗಿತು, ನೆಲದ ನಾಯಿ. ಗದಗಿನಮ್ಮ ನನ್ನ ಜಾಕೆಟ್ಟಿನ ಪಟ್ಟಿ ಬಿಚ್ಚಿದರು. ಮೀನು ಕಾಲಬುಡಕ್ಕೆ ಬಿತ್ತು. ಅವರ ಯಜಮಾನರು ಬಾಗಿನದ ಮೊರದಲ್ಲೇ ಅದನ್ನು ಗೋರಿ ನೀರಿಗೆ ಬಿಟ್ಟರು.

ಅಕ್ಕ ಕನ್ನಡಕ ಸರಿಮಾಡಿಕೊಂಡು ದಂಡೆ ನೋಡಿದರು. ಕೆಸರಿನ ಮೇಲೆ ಪುಟ್ಟ ಪುಟ್ಟ ಹೆಜ್ಜೆಗುರುತು. ನೀರಿನಲ್ಲಿ ಮೂರು ಸುತ್ತು ಅಲೆ. ಅಷ್ಟೇ.

ನಾನು ಕೂತು ಸೆರಗು ಸರಿಮಾಡಿಕೊಂಡೆ. ಕರವಸ್ತ್ರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಕ್ಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ, ಪಾರ್ಕಿನ ಆ ಹಿರಿಯರ ಹಾಗೆ.

ಅಕ್ಕ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು, ಹಲಗೆ ಹಿಡಿದುಕೊಳ್ಳುವಷ್ಟು. ನಗು ತಹಬಂದಿಗೆ ಬಂದಮೇಲೆ ಕನ್ನಡಕ ಒರೆಸಿಕೊಂಡು, "ಆಯ್ತು ಕಣೇ. ಡಾಕ್ಟ್ರಿಗೆ ಫೋನ್ ಮಾಡು. ಆಪರೇಶನ್‌ಗೆ ಬರ್ತೀನಿ" ಎಂದರು.

"ನೀವು ನೋಡಲೇ ಇಲ್ವಲ್ಲ ಅಕ್ಕ!"

"ಮನಸ್ಸು ತುಂಬಿತು ಬಿಡು. ಇಷ್ಟು ನಕ್ಕಮೇಲೆ ಇನ್ನೇನು ಭಯ?" ಎಂದರೇ ಹೊರತು ಬೇರೇನೂ ಹೇಳಲಿಲ್ಲ.

ಹೇಳಿದ್ದು ಆಸ್ಪತ್ರೆಯಲ್ಲಿ. ಆಪರೇಶನ್ ಚೆನ್ನಾಗಿ ಆಗಿ, ಅಕ್ಕ ವಾಕರ್ ಹಿಡಿದು ಮೊದಲ ಹೆಜ್ಜೆ ಇಟ್ಟ ದಿನ ಡಾಕ್ಟರು ನಗುತ್ತಾ ಕೇಳಿದರು. ಅವರಿಗೂ ಹರಕೆಯ ವಿಷಯ ಗೊತ್ತಿತ್ತು. "ಏನಮ್ಮ, ಅಂತೂ ಕಾಡುಪ್ರಾಣಿ ನೋಡ್ಕೊಂಡೇ ಬಂದ್ರಂತೆ? ಹೇಗಿತ್ತು?"

ಅಕ್ಕ ತುಟಿಯ ಮೇಲೆ ಬೆರಳಿಟ್ಟು, ಹಣ್ಣಿನ ಚೀಲ ಹಿಡಿದು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದ ನನ್ನ ಕಡೆ ಕಣ್ಣು ಹೊರಳಿಸಿದರು.

"ಶ್! ನಿಮ್ಮ ಹಿಂದೇನೇ ನಿಂತಿದೆ ಡಾಕ್ಟ್ರೇ. ಮೆಲ್ಲಗೆ ಮಾತಾಡಿ, ಓಡಿಹೋಗುತ್ತೆ."